ಬನ್ನಿ ಗಿಡದ ಕೆಳಗೆ ಹಾದ ಪೈಪು

ಹದಿನೈದು ವರ್ಷಗಳಿಂದ ಪೈಪು ಕೂಡಿಸುವುದು ನನ್ನ ಕೆಲಸ. ನೀರಿನ ಕೆಲಸ ಗುತ್ತಿಗೆ ಹಿಡಿದವರ ಕೈಕೆಳಗೆ ಕಲಘಟಗಿ, ಕುಂದಗೋಳ, ಅಣ್ಣಿಗೇರಿ ಅಂತ ಸುತ್ತಿದ್ದೇನೆ. ಕಪ್ಪು ಪ್ಲಾಸ್ಟಿಕ್ ಪೈಪಿನ ಎರಡು ತುದಿಗಳನ್ನು ಯಂತ್ರದ ಹಿಡಿಕೆಯಲ್ಲಿ ಬಿಗಿದು, ಅಂಚು ಸಪಾಟಾಗುವಂತೆ ಹೆರೆದು, ನಡುವೆ ಕಾದ ತಟ್ಟೆ ಇಡುತ್ತೇವೆ. ಅಂಚು ಕರಗಿ ಉಬ್ಬಿದ ಮೇಲೆ ತಟ್ಟೆ ತೆಗೆದು ಎರಡನ್ನೂ ಒತ್ತಿ ಹಿಡಿಯಬೇಕು. ಅದು ತಣ್ಣಗಾಗುವವರೆಗೆ ಯಾರು ಕರೆದರೂ ಕದಲುವಂತಿಲ್ಲ. ಕೆಲಸದಲ್ಲಿ ಹೆಚ್ಚಿನ ಹೊತ್ತು ಹೋಗುವುದು ಹೀಗೆ ಕಾಯುವುದರಲ್ಲೇ. ನನಗೆ ಅದು ಹೊಂದಿಕೆಯಾಗಿತ್ತು.

ನಮ್ಮ ಊರಿಗೇ ದೊಡ್ಡ ಪೈಪು ಬರುತ್ತದೆ ಎಂಬ ಸುದ್ದಿ ತಿಳಿದಾಗ ನಾನು ದುಮ್ಮವಾಡದ ಕಡೆ ಕೆಲಸದಲ್ಲಿದ್ದೆ. ನವಲಗುಂದ ತಾಲೂಕಿನ ನಮ್ಮ ಊರು ಎರಿ ಭೂಮಿಯ, ಕಪ್ಪು ಜಿಗಟು ಮಣ್ಣಿನ ಊರು. ಬೋರು ಕೊರೆದರೆ ಸವಳು ನೀರು; ಕುಡಿಯುವುದಕ್ಕೆ ಕೆರೆಯ ನೀರೇ ಗತಿ. ಈಗ ಕಾಲುವೆಯ ದಂಡೆಯ ಮೇಲೆ ನೀರು ಶುದ್ಧ ಮಾಡುವ ಘಟಕ ಕಟ್ಟಿ, ಅಲ್ಲಿಂದ ಊರ ಹಿಂದಿನ ಟಾಕಿಗೆ ಪೈಪು ಹಾಕುವುದಿತ್ತು. ನಾನು ಗುತ್ತಿಗೆದಾರರನ್ನು ಕೇಳಿಕೊಂಡು ಆ ಕೆಲಸಕ್ಕೆ ಸೇರಿದೆ. ಮನೆಯಿಂದಲೇ ಹೋಗಿ ಬರಬಹುದು, ಮಧ್ಯಾಹ್ನ ಬಿಸಿ ರೊಟ್ಟಿ ತಿನ್ನಬಹುದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಪೈಪು ಯಾವ ದಾರಿಯಲ್ಲಿ ಬರುತ್ತದೆ ಎಂಬ ನಕಾಶೆ ಮೊದಲ ವಾರವೇ ನನ್ನ ಕೈಗೆ ಬಂತು. ಘಟಕದಿಂದ ಡಾಂಬರು ರಸ್ತೆಯ ಮಗ್ಗುಲು ಹಿಡಿದು ಕಿರುಸೇತುವೆಯವರೆಗೆ ಬರುವುದು; ಅಲ್ಲಿ ಗಾಡಿದಾರಿಗೆ ಹೊರಳಿ, ಹೊಲಗಳ ಬದುವಿಗೆ ಹತ್ತಿಕೊಂಡು ಸಾಗಿ, ಮುಂದಿನ ಹಳ್ಳ ದಾಟಿ ಟಾಕಿ ಮುಟ್ಟುವುದು. ಗಾಡಿದಾರಿಯಲ್ಲಿ ಬಹಳ ಹೊಲ ದಾಟಿದ ಮೇಲೆ, ಹಳ್ಳಕ್ಕಿಂತ ಈಚೆ, ನಮ್ಮ ಹೊಲ. ಅದರ ಮೂಲೆಯಲ್ಲಿ ಬದುವಿನ ಮೇಲೊಂದು ಬನ್ನಿ ಗಿಡವಿದೆ. ನಕಾಶೆಯ ಗೆರೆ ಆ ಗಿಡದ ಬುಡಕ್ಕೇ ಹಾದಿತ್ತು. ನಾನು ಅದನ್ನು ನೋಡಿ ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಮನೆಯಲ್ಲಿ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಹಿಂದಿನದೊಂದು ಸಂಗತಿ ಹೇಳಬೇಕು.

ಅದಕ್ಕೂ ಹನ್ನೊಂದು ವರ್ಷ ಮೊದಲು ನಮಗೊಂದು ಹೆಣ್ಣು ಕೂಸು ಹುಟ್ಟಿತ್ತು. ಚೊಚ್ಚಲು. ದಿನ ತುಂಬುವ ಮೊದಲೇ ಹುಟ್ಟಿ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದೂವರೆ ದಿನ ಬದುಕಿತು. ಹೆಸರಿಟ್ಟಿರಲಿಲ್ಲ. ನನ್ನ ಹೆಂಡತಿ ಅದನ್ನು ಎತ್ತಿಕೊಂಡಿದ್ದು ಒಂದೇ ಸಲ, ಅದೂ ಜೀವ ಹೋದ ಮೇಲೆ. ಅವಳಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿದ್ದರು, ಜ್ವರ ಇಳಿದಿರಲಿಲ್ಲ. ನಾನು ಅವಳನ್ನು ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಕೂಸನ್ನು ನನ್ನ ಅಪ್ಪ ಒಬ್ಬರೇ ಊರಿಗೆ ಒಯ್ದರು. ಶ್ರಾವಣದ ದಿನಗಳು, ಮಳೆ ಹಿಡಿದಿತ್ತು. ಮರುದಿನ ಅವರು ಆಸ್ಪತ್ರೆಗೆ ಬಂದಾಗ ಹೆಂಡತಿ ಮಲಗಿದಲ್ಲಿಂದಲೇ ಕೇಳಿದಳು.

"ಎಲ್ಲಿ ಇಟ್ರಿ ಮಾವಾರ?"

ಅಪ್ಪ ಹಸಿ ಕಂಬಳಿಯನ್ನು ಮಡಚಿ ಕೆಳಗಿಟ್ಟು, "ನಮ್ಮ ಹೊಲದಾಗ, ಬನ್ನಿ ಗಿಡದ ಬುಡಕವ್ವಾ. ನೆರಳೈತಿ," ಎಂದರು.

ಆಮೇಲೆ ಅವಳು ಆ ಮೂಲೆಯನ್ನು ತನ್ನದು ಮಾಡಿಕೊಂಡಳು. ಹೆಸರುಕಾಳಿನ ಕಾಯಿ ಬಿಡಿಸಲು ಹೋದಾಗ, ಕಳೆ ಕೀಳಲು ಹೋದಾಗ ಊಟಕ್ಕೆ ಕೂರುತ್ತಿದ್ದುದು ಅಲ್ಲೇ. ಪೂಜೆ, ದೀಪ ಎಂದು ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂತು ಎದ್ದು ಬರುತ್ತಿದ್ದಳು. ಆ ಬಳಿಕ ನಮಗೆ ಎರಡು ಮಕ್ಕಳಾದವು. ಅವೂ ತಾಯಿಯ ಜೊತೆ ಅಲ್ಲೇ ಕೂತು ಉಂಡು ಬೆಳೆದವು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ನಕಾಶೆಯನ್ನು ಕಿಸೆಯಲ್ಲಿಟ್ಟುಕೊಂಡು ನಾನು ರಸ್ತೆಯ ಬದಿಯ ಕೆಲಸ ಶುರು ಮಾಡಿದೆ. ಗೆರೆ ಬನ್ನಿ ಗಿಡ ಮುಟ್ಟುವಷ್ಟರಲ್ಲಿ ಏನಾದರೂ ದಾರಿ ಸಿಕ್ಕೀತು ಎಂದುಕೊಂಡು ದಿನ ದೂಡಿದೆ. ರಸ್ತೆಯ ಕೆಲಸ ಮುಗಿಯಿತು. ಕಿರುಸೇತುವೆ ದಾಟಿದೆವು. ಗಾಡಿದಾರಿಯಲ್ಲಿ ಸುಣ್ಣದ ಪುಡಿಯಿಂದ ಗುರುತು ಹಾಕುವ ದಿನ ಬಂತು. ತಗಡಿನ ಡಬ್ಬಿಗೆ ತೂತು ಹಾಕಿ, ಅದರಲ್ಲಿ ಸುಣ್ಣ ತುಂಬಿ, ಹಗ್ಗದ ಗುಂಟ ಅಲುಗಾಡಿಸುತ್ತ ನಡೆಯುವ ಕೆಲಸ ಅದು. ಬನ್ನಿ ಗಿಡದ ಹತ್ತಿರ ಬಂದಾಗ ನನ್ನ ಕೈ ನಿಲ್ಲಲಿಲ್ಲ. ಹಿಂದೆ ಎಂಜಿನಿಯರು ಬರುತ್ತಿದ್ದರು.

ಸಂಜೆ ಹೆಂಡತಿ ಹೊಲದಿಂದ ಬಂದು ಬುಟ್ಟಿ ಇಳಿಸಿ, ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತಳು.

"ಬನ್ನಿ ಗಿಡದ ಬುಡಕ ಸುಣ್ಣ ಹಾಕ್ಯಾರ," ಎಂದಳು.

"ಹೌದು."

"ಯಾರ ಹಾಕಿದ್ದು?"

"ನಾನೇ."

ಅವಳು ನನ್ನ ಮುಖ ನೋಡಲಿಲ್ಲ. "ನಿಮಗ ಮೊದಲs ಗೊತ್ತಿತ್ತೇನು?"

"ಗೊತ್ತಿತ್ತು. ತಿಂಗಳಾತು."

ಅವಳು ಎದ್ದು, "ಅಗಿಯೂ ಮಷೀನಿನ ಹಲ್ಲು ಅಲ್ಲಿ ತಾಗಬಾರದು. ನೀರು ಬರದಿದ್ರೂ ನಡೀತೈತಿ," ಎಂದು ಒಳಗೆ ಹೋದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಅವ್ವನ ಕೈ ಸಪ್ಪಳ ಅಷ್ಟು ಹೊತ್ತು ನಿಂತೇ ಇತ್ತು. ಅದನ್ನು ನಾನು ಗಮನಿಸಿದ್ದೆ, ಯಾಕೆಂದು ಕೇಳಲಿಲ್ಲ.

ಮರುದಿನ ಎಂಜಿನಿಯರಿಗೆ ಎಲ್ಲ ಹೇಳಿದೆ. ಚಿಕ್ಕ ವಯಸ್ಸಿನವರು, ಹೊಸದಾಗಿ ಮದುವೆಯಾದವರು. ನನ್ನ ಜೊತೆ ಹೊಲಕ್ಕೆ ಬಂದು ಗಿಡದ ಸುತ್ತ ಎರಡು ಸಲ ತಿರುಗಿದರು. ಗೆರೆಯನ್ನು ದಾರಿಯ ಆಚೆ ಬದಿಗೆ ಸರಿಸಲು ಆಗುತ್ತಿರಲಿಲ್ಲ. ಅಲ್ಲಿ ಹೊಲಗಳ ನೀರು ಬಸಿಯುವ ಕಾಲುವೆ. ಅದರಲ್ಲಿ ಹಾಕಿದ ಪೈಪು ಒಂದು ಮಳೆಗೇ ತೆರೆದುಕೊಳ್ಳುತ್ತದೆ. ಹೊಲದ ಒಳಗೆ ಸರಿಸಿದರೆ ನಾಳೆ ನೇಗಿಲು ತಾಗುತ್ತದೆ. "ಮುಂದಿನ ಹಳ್ಳ ದಾಟಿಸಾಕ ಬೋರಿಂಗ್ ಮಷೀನು ಬರೂದೈತೆಲ್ಲ," ಎಂದು ಅವರೇ ನೆನಪಿಸಿದರು. "ಅದನ್ನ ಸ್ವಲ್ಪ ಹಿಂದ ನಿಲ್ಲಿಸಿ ಗಿಡದ ಕೆಳಗಿಂದನೂ ಒಯ್ಯಾಕ ಬರತೈತೇನು ಕೇಳ್ರಿ. ನನ್ನದೇನೂ ಅಡ್ಡಿಲ್ಲ."

ನೆಲ ಅಗೆಯದೆ ಪೈಪು ಹಾಯಿಸುವ ಯಂತ್ರ ಅದು. ನೆಲದ ಮೇಲೆ ಓರೆಯಾಗಿ ನಿಂತು, ಕಬ್ಬಿಣದ ಸಲಾಕೆಗಳನ್ನು ಒಂದಕ್ಕೊಂದು ಜೋಡಿಸುತ್ತ ಭೂಮಿಯೊಳಗೆ ನೂಕುತ್ತದೆ. ಮುಂದಿನ ಮೂತಿ ಒಳಗೊಳಗೇ ಹೋಗಿ ಆಚೆ ಬದಿಗೆ ಮೇಲೆದ್ದು ಬರುತ್ತದೆ. ಆಮೇಲೆ ತೂತನ್ನು ಅಗಲ ಮಾಡುತ್ತ, ಆಚೆಯಿಂದ ಪೈಪನ್ನು ಕಟ್ಟಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಯಂತ್ರ ನಡೆಸುವವರು ಅಳ್ನಾವರ ಕಡೆಯ ಮುಸ್ಲಿಂ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. ನನ್ನ ಮಾತು ಪೂರ್ತಿ ಕೇಳಿ, ಬೀಡಿ ಆರಿಸಿ ಹೇಳಿದರು.

"ನಮ್ಮ ಖಬರಸ್ತಾನದ ಕೆಳಗೂ ಒಮ್ಮಿ ಹಿಂಗs ಒಯ್ದೀನಿ. ನಮ್ಮ ಅಬ್ಬಾನ ಅದಾರ ಅಲ್ಲಿ. ಎಂಟು ಹತ್ತು ರಾಡ್ ಹೆಚ್ಚಿಗಿ ಹಾಕಿದ್ರಾತು. ಕೂಸು ಎಷ್ಟ ಆಳದಾಗ ಐತಿ?"

"ಗೊತ್ತಿಲ್ಲ ಕಾಕಾ. ಅಪ್ಪ ಇಟ್ಟಿದ್ದು. ಮೂರು ಫೂಟು ಇರಬಹುದು."

"ಎಂಟು ಫೂಟಿಗೆ ಹೋಗ್ತೀನಿ. ನಿನ್ನ ಹೆಂಡ್ತಿಗೆ ಹೇಳು."

ಹೆಂಡತಿಗೆ ಹೇಳಿದೆ. ಅವಳು ಎರಡು ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡಳು. ಮೇಲಿನ ಮಣ್ಣು ಅಲುಗಾಡುವುದಿಲ್ಲವೇ, ಗಿಡದ ಬೇರು ಕಡಿಯುವುದಿಲ್ಲವೇ ಎಂದೆಲ್ಲ. ನಂತರ ತಾನೂ ಬರುತ್ತೇನೆ ಎಂದಳು.

ಬೋರಿಂಗ್ ಮಾಡುವ ದಿನ ಬೆಳಿಗ್ಗೆ ಅವಳು ಮಕ್ಕಳನ್ನು ಶಾಲೆಗೆ ಕಳಿಸಿ ನನಗಿಂತ ಮೊದಲೇ ಹೊಲಕ್ಕೆ ಹೋದಳು. ನಾನು ಚಹಾ ಕುಡಿದು ಹೊರಡುವವನಿದ್ದೆ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಕರೆದಳು.

"ತಮ್ಮಾ, ಒಂದು ಮಾತು ಹೇಳ್ತೀನಿ. ಅಕಿಗೆ ಹೇಳಬ್ಯಾಡ."

"ಏನಬೇ?"

"ಕೂಸು ಅಲ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಎಲ್ಲಿಲ್ಲ ಎಂದು ಕೇಳಿದೆ.

"ಬನ್ನಿ ಗಿಡದ ಬುಡಕ ಇಲ್ಲ. ಅವತ್ತ ಮಳಿ ಹೆಂಗ ಹೊಡದಿತ್ತು ನಿನಗ ಗೊತ್ತಿಲ್ಲ, ನೀ ದವಾಖಾನ್ಯಾಗ ಇದ್ದಿ. ನಿಮ್ಮಪ್ಪ ಗುದ್ದಲಿ ತೊಗೊಂಡು ಹೋದ್ರು. ಗಾಡಿದಾರ್ಯಾಗ ಮೊಣಕಾಲ ತನಕ ಕೆಸರು. ಎರಡ ಸರ್ತಿ ಹೋದ್ರಂತ, ಎರಡೂ ಸರ್ತಿ ಕಾಲು ಹುಗುದು ಬಿದ್ದು ಹೊಳ್ಳಿ ಬಂದ್ರಂತ. ಕತ್ತಲಾಗಾಕ ಬಂತು. ಕೂಸಿನ್ನ ಮನಿಗೆ ತಿರಿಗಿ ತರೂದು ಹೆಂಗ? ರಸ್ತಾದ ಮ್ಯಾಲಿನ ಸಣ್ಣ ಪೂಲು ಐತೆಲ್ಲ, ಅದರ ಬಾಜು ಗರಸಿನ ನೆಲ ಗಟ್ಟಿ ಇತ್ತು. ಅಲ್ಲೇ ಇಟ್ಟು ಬಂದ್ರು."

"ಮತ್ತ ಬನ್ನಿ ಗಿಡ ಅಂತ ಯಾಕ ಹೇಳಿದ?"

"ಹಸಿ ಬಾಣಂತಿ ಹಾಸಿಗ್ಯಾಗ ಮಲಗಿ ಕೇಳಿದ್ರ ರಸ್ತಾದ ದಂಡಿಗೆ ಇಟ್ಟೀನಿ ಅಂತ ಹೆಂಗ ಹೇಳತಾರೋ? ಆ ಮಾತು ಬಂದು ಹೋತು. ಆಮ್ಯಾಲೆ ಅಕಿ ದಿನಾ ಅಲ್ಲಿ ಕುಂದ್ರೂದು ನೋಡಿ ಅವರ ಬಾಯಿ ಬಿದ್ದು ಹೋತು. ಸಾಯೂ ಮುಂದನೂ ನನ್ನ ಕಡೆ ಅದನ್ನs ಅಂದ್ರು."

ನಾನು ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟೆ. ಪೂಲು ಎಂದರೆ ಅದೇ ಕಿರುಸೇತುವೆ. ಹದಿನಾರು ದಿನಗಳ ಹಿಂದೆ ನಾವು ಅದರ ಬದಿಯಲ್ಲಿ ಮಷೀನು ಹಚ್ಚಿ ಅಗೆದಿದ್ದೆವು. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಎರಿ ಮಣ್ಣಿನಲ್ಲಿ ವಾರಗಟ್ಟಲೆ ಒದ್ದಾಡಿದ ಮೇಲೆ ಅಲ್ಲಿ ಗರಸು, ಗಟ್ಟಿ ಕಲ್ಲುಮಣ್ಣು, ಸಿಕ್ಕಿತ್ತು. ತಗ್ಗಿನ ಗೋಡೆ ಕುಸಿಯದೆ ನೆಟ್ಟಗೆ ನಿಂತಿತ್ತು. ಎರಡು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯಿತೆಂದು ನಾನು ಖುಷಿಯಾಗಿದ್ದೆ. ಸೇತುವೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಬುತ್ತಿ ಬಿಚ್ಚಿ ಉಂಡಿದ್ದೆ. ಮಷೀನಿನ ಬಕೆಟ್ಟು ಮಣ್ಣು ಎತ್ತಿ ಹಾಕುತ್ತಿದ್ದುದನ್ನು ನೋಡುತ್ತ ಉಂಡಿದ್ದೆ.

"ಎರಡ ವಾರದ ಹಿಂದ ಯಾಕ ಹೇಳಲಿಲ್ಲ?" ಎಂದೆ. ನನ್ನ ದನಿ ಏರಿತ್ತು.

"ನಿಮ್ಮ ಪೈಪು ಎಲ್ಲೆಲ್ಲಿ ಹಾದು ಬರತೈತಿ ಅಂತ ನನಗೇನ ಗೊತ್ತೋ. ನಾ ಆ ಕಡೆ ಹೋಗಿ ಎಷ್ಟ ವರ್ಷಾತು. ಮನ್ನಿ ಅಕಿ ಸುಣ್ಣದ್ದು ಅಂದಾಗ ನನ್ನ ಎದಿ ಒಡದಂಗಾತು. ಇಲ್ಲದ ಜಾಗಾಕ ನೀವು ಇಷ್ಟೆಲ್ಲಾ ಮಾಡೂದು ನೋಡಿ ತಡಿಲಿಲ್ಲ, ಅದಕ್ಕ ಹೇಳಿದೆ."

ಸೇತುವೆಯ ಬದಿ ಅಗೆದಾಗಿದೆ ಎಂದು ನಾನು ಅವ್ವನಿಗೆ ಹೇಳಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಂತಳು.

ಆ ಬೆಳಿಗ್ಗೆ ನಾನು ಹೆಂಡತಿಗೆ ಹೇಳಬಹುದಿತ್ತು, ಹೇಳಲಿಲ್ಲ. ಹೊಲಕ್ಕೆ ಹೋದಾಗ ಅವಳು ಬನ್ನಿ ಗಿಡದಿಂದ ಸ್ವಲ್ಪ ದೂರ, ಬದುವಿನ ಮೇಲೆ ಕೂತಿದ್ದಳು. ಕಾಕಾ ಯಂತ್ರದ ಹತ್ತಿರದಿಂದ ಅವಳ ಕಡೆ ತಿರುಗಿ, "ವೈನಿ, ಚಿಂತಿ ಮಾಡಬ್ಯಾಡ್ರಿ. ಕೂಸಿಗೆ ಗೊತ್ತಾಗದಂಗ ಹೋಗ್ತೀನಿ," ಎಂದರು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಅದನ್ನು ನೋಡಿ ನಾನು ಕಾಕಾನ ಹತ್ತಿರ ಹೋಗಿ ನಿಂತೆ.

ಯಂತ್ರ ಶುರುವಾಯಿತು. ಒಳಗೆ ಹೋಗುವ ಮೂತಿಯಲ್ಲಿ ಒಂದು ಸಣ್ಣ ಉಪಕರಣ ಇರುತ್ತದೆ. ಮೇಲೆ ಒಬ್ಬ ಇನ್ನೊಂದು ಉಪಕರಣ ಹಿಡಿದು ಅದರ ನೇರಕ್ಕೆ ನಡೆಯಬೇಕು. ಮೂತಿ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಅದು ತೋರಿಸುತ್ತದೆ. ಕಾಕಾನ ಸಹಾಯಕ್ಕೆ ನಾನೇ ಅದನ್ನು ಹಿಡಿದೆ. ಒಂದು ಸಲಾಕೆ ಒಳಗೆ ಹೋದ ಮೇಲೆ ನಿಂತು, ಆಳ ಕೂಗಿ ಹೇಳಿ, ಮತ್ತೆ ಮೂರು ಹೆಜ್ಜೆ ಮುಂದೆ. ಹಾಗೆ ನಡೆಯುತ್ತ ಬನ್ನಿ ಗಿಡದ ಬುಡಕ್ಕೆ ಬಂದೆ. ಹೆಂಡತಿ ಎದ್ದು ನಿಂತಳು.

"ಎಷ್ಟ ಐತಿ?"

"ಎರಡೂವರಿ ಮೀಟರ್."

"ಅಂದ್ರ?"

"ಅಂದ್ರ ನಾ ತಗ್ಗಿನ್ಯಾಗ ನಿಂತ್ರ ನನ್ನ ತಲಿ ಮುಳುಗಿ ಇನ್ನೂ ಜಾಗಾ ಉಳೀತೈತಿ. ಅಷ್ಟ ಕೆಳಗ."

ಅವಳು ತಲೆ ಆಡಿಸಿ ಕೂತಳು. ಏನೂ ಇಲ್ಲದ ನೆಲದ ಮೇಲೆ ನಿಂತು ನಾನು ಅವಳಿಗೆ ಆಳದ ಲೆಕ್ಕ ಕೊಡುತ್ತಿದ್ದೆ. ಕಾಕಾ ಅಷ್ಟು ನಾಜೂಕಾಗಿ ಯಂತ್ರ ನಡೆಸಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಕೆಸರು ಮೇಲೆ ಉಕ್ಕಬಾರದೆಂದು ಒತ್ತಡ ಇಳಿಸಿ, ಒಂದೊಂದು ಸಲಾಕೆಗೂ ನಿಲ್ಲಿಸಿ ನಿಲ್ಲಿಸಿ ಹೋದರು. ಮಧ್ಯಾಹ್ನ ದಾಟಿದ ಮೇಲೆ ಪೈಪು ಎಳೆಯುವ ಹೊತ್ತಿಗೆ ಯಂತ್ರದ ಸದ್ದು ತಗ್ಗಿಸಿ ಅವಳನ್ನೇ ಕೇಳಿದರು.

"ಎಳೀಲೇನ್ರಿ ವೈನಿ?"

"ಎಳೀರಿ," ಎಂದಳು.

ಪೈಪು ನಿಧಾನವಾಗಿ ಭೂಮಿಯೊಳಗೆ ಹೋಯಿತು. ಮೇಲಿನ ಮಣ್ಣು ಎಲ್ಲೂ ಅಲುಗಲಿಲ್ಲ. ಹೆಂಡತಿ ಗಿಡದ ಬುಡದಲ್ಲಿ ಅಂಗೈ ಊರಿ ಒಂದಿಷ್ಟು ಹೊತ್ತು ಕೂತು, ಆಮೇಲೆ ಕಾಕಾಗೆ ಮಜ್ಜಿಗೆ ತಂದು ಕೊಟ್ಟಳು. ನಾನು ಮುಖ ತಿರುಗಿಸಿ ಹಿಡಿಕೆಗಳನ್ನು ತೊಳೆಯುತ್ತ ನಿಂತೆ.

ಮರುದಿನ ಯಾವುದೋ ನೆವ ಮಾಡಿ ಅಗೆಯುವ ಮಷೀನು ನಡೆಸುವವನನ್ನು ಕೇಳಿದೆ. ಸೇತುವೆಯ ಬದಿ ಅಗೆದಾಗ ಬಟ್ಟೆ ಗಿಟ್ಟೆ ಏನಾದರೂ ಕಂಡಿತ್ತೇ ಎಂದು. "ಗರಸು, ಕಲ್ಲು. ಮತ್ತೇನ ಇರತೈತಿ ಅಲ್ಲಿ?" ಎಂದ. ಅಷ್ಟು ಎಳೆಯ ಕೂಸಿನದು ಹನ್ನೊಂದು ವರ್ಷದಲ್ಲಿ ಏನು ಉಳಿದಿರುತ್ತದೆ ಎಂದು ನನಗೂ ಗೊತ್ತಿತ್ತು. ಆದರೂ ಸೇತುವೆಯ ಬಳಿ ಹೋದಾಗಲೆಲ್ಲ ಬೈಕಿನ ವೇಗ ಕಡಿಮೆ ಮಾಡಲೂ ಆಗುತ್ತಿರಲಿಲ್ಲ, ಜೋರಾಗಿ ಹೋಗಲೂ ಆಗುತ್ತಿರಲಿಲ್ಲ.

ಎರಡು ತಿಂಗಳ ಬಳಿಕ ನೀರು ಬಂತು. ಮನೆಯ ಮುಂದಿನ ನಳದಲ್ಲಿ ಹೆಂಡತಿ ಮೊದಲ ಕೊಡ ತುಂಬಿ, ಒಂದು ಬೊಗಸೆ ಕುಡಿದು, "ಅಕಿ ಕೆಳಗಿಂದ ಹರದ ಬಂದ ನೀರು," ಎಂದಳು. ಅವಳು ಇಷ್ಟು ನಿರಾಳವಾಗಿ ಕೂಸಿನ ಮಾತು ಎತ್ತಿದ್ದು ಅದೇ ಮೊದಲು. ಅವ್ವ ಎದ್ದು ಒಳಗೆ ಹೋದಳು. ಆ ದಿನದಿಂದ ನಾನೂ ಅವ್ವನೂ ಒಬ್ಬರ ಕಣ್ಣು ಒಬ್ಬರು ತಪ್ಪಿಸಿ ಬದುಕಿದೆವು. ಮಜ್ಜಿಗೆ ಕೊಟ್ಟ ದಿನದ ಕಾಕಾನ ಮುಖವೂ ನನ್ನನ್ನು ಬಿಡಲಿಲ್ಲ. ಅವರ ಒಳ್ಳೆಯತನವನ್ನು ಸುಳ್ಳಿಗೆ ಖರ್ಚು ಮಾಡಿದ್ದೆ.

ಮುಂದಿನ ಬೇಸಿಗೆಯಲ್ಲಿ ಸೇತುವೆಯ ಬದಿ ಪೈಪು ಸೋರಿತು.

ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ. ಗರಸು ಅಲುಗಾಡುವುದಿಲ್ಲ. ಎರಡೂ ಕೂಡುವ ಜಾಗದಲ್ಲಿ ಪೈಪು ಜಗ್ಗಿಸಿಕೊಂಡು ಒಂದು ಬೆಸುಗೆ ಬಿಟ್ಟಿತ್ತು. ಅದು ನಾನೇ ಮಾಡಿದ ಬೆಸುಗೆ. ರಸ್ತೆಯ ಮೇಲೆ ನೀರು ಹರಿಯುತ್ತಿತ್ತು. ಅಗೆಯುವ ಮಷೀನು ಬಂದು ನಿಂತಿತ್ತು. ನಾನು ಅದನ್ನು ಕಳಿಸಿಬಿಟ್ಟೆ.

"ಬ್ಯಾಡ, ನಾ ಕೈಲೇ ಅಗೀತೀನಿ," ಎಂದೆ. ಜೊತೆಗಿದ್ದವರಿಗೂ ಊರ ಕಡೆ ನೀರು ಬಂದ್ ಮಾಡುವ ಕೆಲಸ ಹಚ್ಚಿ ಕಳಿಸಿದೆ.

ಗುದ್ದಲಿಯಿಂದ ಸ್ವಲ್ಪ ಅಗೆದು, ಆಮೇಲೆ ಕೈಯಿಂದ ಮಣ್ಣು ತೆಗೆದೆ. ತೆಗೆದದ್ದನ್ನೆಲ್ಲ ಬುಟ್ಟಿಯಲ್ಲಿ ಹಾಕಿ, ಹೆಂಟೆ ಒಡೆದು ನೋಡಿ, ಒಂದು ಕಡೆ ರಾಶಿ ಮಾಡಿದೆ. ಒಮ್ಮೆ ಅಗೆದು ಮುಚ್ಚಿದ ಮಣ್ಣದು. ಅದರಲ್ಲಿ ಏನು ಹುಡುಕುತ್ತಿದ್ದೇನೆ ಎಂದು ನನಗೇ ತಿಳಿದಿರಲಿಲ್ಲ. ಹೊತ್ತು ಹೋದದ್ದು ಗೊತ್ತಾಗಲಿಲ್ಲ. ತಲೆ ಎತ್ತಿದಾಗ ಹೆಂಡತಿ ಬುತ್ತಿ ಹಿಡಿದುಕೊಂಡು ತಗ್ಗಿನ ದಂಡೆಯ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಮಷೀನು ಯಾಕ ಕಳಿಸಿದ್ರಿ?"

ನಾನು ಕೈಯಲ್ಲಿದ್ದ ಹೆಂಟೆಯನ್ನು ಬುಟ್ಟಿಗೆ ಹಾಕಿದೆ.

ಅವಳು ಮಣ್ಣಿನ ರಾಶಿ ನೋಡಿದಳು, ನನ್ನ ಕೈ ನೋಡಿದಳು. ಹೊಲದ ಕಡೆಗೊಮ್ಮೆ ತಿರುಗಿ ನೋಡಿ, ಮತ್ತೆ ನನ್ನ ಕಡೆ ನೋಡಿದಳು.

"ಇಲ್ಲೇನು?" ಎಂದಳು.

ನಾನು ತಗ್ಗಿನಲ್ಲೇ ನಿಂತು ಎಲ್ಲ ಹೇಳಿದೆ. ಮಳೆ, ಕೆಸರು, ಎರಡು ಸಲ ಬಿದ್ದು ಮರಳಿ ಬಂದದ್ದು, ಆಸ್ಪತ್ರೆಯಲ್ಲಿ ಅಪ್ಪ ಹೇಳಿದ ಮಾತು, ಅವ್ವ ಹೇಳಿದ ಮಾತು. ಅವಳು ದಂಡೆಯ ಮೇಲೆ ಕೂತು ಕೇಳಿದಳು. ಮಣ್ಣಿನ ರಾಶಿಯ ಮೇಲೆ ಕೈ ಇಟ್ಟಿದ್ದಳು, ಆದರೆ ಅದನ್ನು ಕೆದಕಲಿಲ್ಲ.

"ಮೊದಲ ಸರ್ತಿ ಅಗದಾಗ ಏನರ ಕಂಡಿತ್ತೇನು?"

"ಇಲ್ಲ."

"ಖರೇನ?"

"ಖರೇನ."

"ನಿಮಗ ಯಾವಾಗ ಗೊತ್ತಾತು?"

"ಬೋರಿಂಗ್ ಮಾಡಿದ ದಿನ ಮುಂಜಾನಿ."

ಅವಳು ಬುತ್ತಿಯನ್ನು ಅಲ್ಲೇ ಇಟ್ಟು ಎದ್ದು ಹೋದಳು. ನಾನು ಕೆಟ್ಟ ಬೆಸುಗೆಯನ್ನು ಕತ್ತರಿಸಿ ತೆಗೆದು, ಹೊಸ ತುಂಡು ಇಟ್ಟು, ಎರಡೂ ಕಡೆ ಕೊಳವೆ ತೊಡಿಸಿ ಕರೆಂಟಿನಿಂದ ಕಾಯಿಸಿ ಕೂಡಿಸಿದೆ. ತಣ್ಣಗಾಗಲು ಬೇಕಾದ ಹೊತ್ತಿಗಿಂತ ಹೆಚ್ಚು ಹೊತ್ತು ಕಾದೆ. ಕೆಳಗೆ ಮೇಲೆ ಉಸುಕು ಹಾಸಿ, ಅದರ ಮೇಲೆ ಅದೇ ಮಣ್ಣನ್ನು ಕೈಯಿಂದ ತುಂಬಿದೆ. ಒಂದು ಬುಟ್ಟಿ ಮಣ್ಣನ್ನೂ ಬೇರೆ ಕಡೆ ಚೆಲ್ಲಲಿಲ್ಲ.

ಅವಳು ನನ್ನ ಜೊತೆಗೂ ಅವ್ವನ ಜೊತೆಗೂ ಒಂಬತ್ತು ದಿನ ಮಾತಾಡಲಿಲ್ಲ. ಅಡಿಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಮಕ್ಕಳನ್ನು ಓದಿಸುತ್ತಿದ್ದಳು. ಹತ್ತನೆಯ ದಿನ ಮಧ್ಯಾಹ್ನ ಅವ್ವ ಕಾಳು ಹಸನು ಮಾಡುತ್ತ ಕೂತಿದ್ದಳು. ಹೆಂಡತಿ ಹೋಗಿ ಮೊರದ ಇನ್ನೊಂದು ಬದಿಗೆ ಕೂತು, ಕಾಳಿನಲ್ಲಿ ಕೈ ಆಡಿಸುತ್ತ ಕೇಳಿದಳು. ನಾನು ಪಡಸಾಲೆಯಲ್ಲಿದ್ದೆ, ನನಗೆ ಕೇಳುತ್ತಿತ್ತು.

"ಅತ್ತೀ, ಅವತ್ತ ಮಾವಾರು ಅಕಿನ್ನ ಎತ್ಕೊಂಡಿದ್ರೋ, ಚೀಲದಾಗ ಹಾಕ್ಕೊಂಡಿದ್ರೋ?"

ಅವ್ವನ ಕೈ ನಿಂತಿತು.

"ಚೀಲ ಯಾಕವ್ವಾ. ಹುಬ್ಬಳ್ಳಿಯಿಂದ ಟಂಟಂದಾಗ ತೊಡಿ ಮ್ಯಾಲೆ ಮಲಗಿಸ್ಕೊಂಡು ಬಂದ್ರು. ಇಲ್ಲಿಂದ ಹೋಗೂ ಮುಂದ ಅಂಗಿ ಗುಂಡಿ ಬಿಚ್ಚಿ ಎದಿಗೆ ಹಿಡಕೊಂಡು ಮ್ಯಾಲೆ ಕಂಬಳಿ ಹೊತ್ತಿದ್ರು. ತೋಯ್ತೈತಿ ಅಂತ. ಗುದ್ದಲಿ ಒಂದ ಕೈಯಾಗ. ಬೀಳೂ ಮುಂದ ಸೈತ ಕೈ ಬಿಟ್ಟಿರಲಿಲ್ಲಂತ. ಮೊಣಕೈ ಕಿತ್ತು ಬಂದಿತ್ತು, ನಾನs ಅರಿಷಿಣ ಹಚ್ಚೀನಿ."

ಹೆಂಡತಿ ಆಗ ಅತ್ತಳು. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಅವ್ವ ಮೊರವನ್ನು ಬದಿಗೆ ಸರಿಸಿ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ನಾನು ಒಳಗೆ ಹೋಗಲಿಲ್ಲ. ಅಲ್ಲಿ ನನಗೆ ಕೆಲಸವಿರಲಿಲ್ಲ.

ಆ ವಾರವೇ ಕಾಕಾಗೂ ಫೋನು ಮಾಡಿ ಹೇಳಿದೆ. ಅವರು ಆಗ ರೈಲುಹಳಿಯ ಕೆಳಗೆ ಪೈಪು ಹಾಯಿಸುವ ಕೆಲಸದಲ್ಲಿದ್ದರು. ಹಿಂದೆ ಯಂತ್ರದ ಸದ್ದಿತ್ತು. ಬಯ್ಯುತ್ತಾರೆ ಎಂದುಕೊಂಡಿದ್ದೆ. "ವೈನಿಗೆ ಗೊತ್ತಾತೇನು?" ಎಂದು ಕೇಳಿದರು. ಗೊತ್ತಾತು ಎಂದೆ. "ಅವತ್ತs ಹೇಳಬೇಕಾಗಿತ್ತು ನೀ," ಎಂದು ಫೋನು ಇಟ್ಟರು. ಆಮೇಲೆ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದ್ದೇವೆ. ಆ ಮಾತು ಮತ್ತೆ ಬಂದಿಲ್ಲ.

ಹೆಂಡತಿ ಈಗ ಹೊಲಕ್ಕೆ ಹೋದರೆ ಎಲ್ಲರ ಜೊತೆ ಎಲ್ಲಿ ನೆರಳಿದ್ದರೆ ಅಲ್ಲಿ ಉಣ್ಣುತ್ತಾಳೆ. ಬನ್ನಿ ಗಿಡದ ಹತ್ತಿರ ಕೂರುವುದನ್ನು ಬಿಟ್ಟಳು. ಹನ್ನೊಂದು ವರ್ಷ ಕೂತ ಜಾಗ. ಅದನ್ನು ಅವಳಿಂದ ಕಸಿದುಕೊಂಡವನು ನಾನೋ ಅಪ್ಪನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅಪ್ಪ ಒಂದು ಸುಳ್ಳು ಹೇಳಿ ಅವಳಿಗೊಂದು ನೆರಳು ಕೊಟ್ಟಿದ್ದರು. ನಾನು ನಿಜ ಹೇಳಿದೆ, ಕೊಡುವುದಕ್ಕೆ ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಒಂದು ದಿನ ಮಧ್ಯಾಹ್ನ ಅವಳೇ, "ಬೈಕ್ ತಗೀರಿ. ಪೂಲಿನ ತನಕ ಹೋಗೂಣು," ಎಂದಳು. ಇಬ್ಬರೂ ಹೋದೆವು. ಅವಳು ಇಳಿದು ರಸ್ತೆಯ ಬದಿ, ನಾನು ಮಣ್ಣು ತುಂಬಿದ ಜಾಗಕ್ಕೆ ಹೋಗಿ ನಿಂತಳು. ಕೂರಲು ನೋಡಿದಳು. ನೆರಳಿರಲಿಲ್ಲ. ಈರುಳ್ಳಿ ತುಂಬಿದ ಲಾರಿಗಳು ಒಂದರ ಹಿಂದೊಂದು ಧೂಳೆಬ್ಬಿಸಿಕೊಂಡು ಹಾದವು. ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತೇ ಇದ್ದಳು. ಅಷ್ಟರಲ್ಲಿ ಅಣ್ಣಿಗೇರಿ ಕಡೆಯಿಂದ ಬಸ್ಸು ಬಂತು. ರಸ್ತೆಯ ಬದಿ ಹೆಣ್ಣುಮಗಳು ನಿಂತದ್ದನ್ನು ನೋಡಿ, ಬಸ್ಸಿಗೆ ಕಾಯುತ್ತಿದ್ದಾಳೆಂದು ತಿಳಿದು ಡ್ರೈವರ್ ನಿಲ್ಲಿಸಿದ. ಕಂಡಕ್ಟರ್ ಬಾಗಿಲು ತೆರೆದು, "ಬರ್ರೀ ಯವ್ವಾ, ಎಲ್ಲಿಗೆ?" ಎಂದ.

ಅವಳು ಕೈ ಆಡಿಸಿ ಇಲ್ಲ ಎಂದಳು. ಬಸ್ಸು ಹೋಯಿತು. ಧೂಳು ಇಳಿಯುವವರೆಗೆ ಅವಳು ನಿಂತಿದ್ದು, ಬಂದು ಬೈಕಿನ ಹಿಂದೆ ಕೂತಳು. ಮನೆ ಮುಟ್ಟುವವರೆಗೆ ನನ್ನ ಹೆಗಲ ಮೇಲೆ ಅವಳ ಕೈ ಇತ್ತು.